ಸಮುದಾಯಕ್ಕೊಬ್ಬ ಸಂಬಳದ ಗೌಡ ಬೇಡ, ಕಾಯಕ ಬಂಧು ಬೇಕು

‘ಕನ್ನಡ ಸಮುದಾಯ ಸಂಯೋಜಕರು ಬೇಕಾಗಿದ್ದಾರೆ. ಅವಧಿ ಹನ್ನೊಂದು ತಿಂಗಳು, ಅನುದಾನ ಬಂದರೆ ವಿಸ್ತರಣೆ. ಸ್ಥಳ ಬೆಂಗಳೂರು. ಇಂಗ್ಲಿಷ್‌ನಲ್ಲಿ ವರದಿ ಬರೆಯುವ ಸಾಮರ್ಥ್ಯ ಕಡ್ಡಾಯ. ಕನ್ನಡ ಬಲ್ಲವರಿಗೆ ಆದ್ಯತೆ.’

ಇದು ಯಾವುದೋ ಒಂದು ಸಂಸ್ಥೆಯ ಜಾಹೀರಾತಲ್ಲ. ನಮ್ಮ ವಾಟ್ಸ್ಯಾಪ್ ಗುಂಪಿಗೆ ಬಂದು ಬೀಳುವ ಹತ್ತಾರು ಪ್ರಕಟಣೆಗಳ ಸಾರ. ಕೊನೆಯ ಎರಡು ವಾಕ್ಯಗಳನ್ನು ಇನ್ನೊಮ್ಮೆ ಓದಿ. ಕನ್ನಡ ಸಮುದಾಯವನ್ನು ಕಟ್ಟಬೇಕಾದವರಿಗೆ ಇಂಗ್ಲಿಷ್ ಕಡ್ಡಾಯ, ಕನ್ನಡಕ್ಕೆ ಆದ್ಯತೆ. ಈ ಹುದ್ದೆಯ ಇಡೀ ಜಾತಕ ಅಲ್ಲೇ ಇದೆ.

ಮುಕ್ತ ತಂತ್ರಾಂಶ, ಮುಕ್ತ ಜ್ಞಾನ ಎಂದು ಕರೆಯುವ ಕೆಲಸಗಳ ಬಗ್ಗೆ ನಾವು ಮಾತಾಡುತ್ತಿದ್ದೇವೆ. ವಿಕಿಪೀಡಿಯ, ವಿಕಿಸೋರ್ಸ್, ಕನ್ನಡ ಫಾಂಟುಗಳು, ತಂತ್ರಾಂಶದ ಕನ್ನಡೀಕರಣ, ದನಿ ಸಂಗ್ರಹ ಎಲ್ಲ ಇದರೊಳಗೆ ಬರುತ್ತವೆ. ಇವೆಲ್ಲ ನಡೆಯುವುದು ಜನ ಕೈಗೂಡಿಸಿದರೆ. ಜನರನ್ನು ಕೂಡಿಸಲು ಒಬ್ಬರು ಬೇಕು, ಆ ಒಬ್ಬರ ಹೊಟ್ಟೆಗೆ ಸಂಬಳ ಬೇಕು, ಸಂಬಳಕ್ಕೆ ಅನುದಾನ ಬೇಕು. ಇಲ್ಲಿಯವರೆಗೆ ನಮ್ಮ ತಕರಾರಿಲ್ಲ. ರೊಕ್ಕ ಬಂದರೆ ಸೇವೆ ಮೈಲಿಗೆಯಾಗುತ್ತದೆ ಎನ್ನುವ ಮಡಿವಂತರ ಗುಂಪು ನಮ್ಮದಲ್ಲ. ರೊಕ್ಕ ಎಲ್ಲಿ ಕೂಡುತ್ತದೆ, ಯಾರ ಕೈ ದುಡಿಯುತ್ತದೆ, ಲೆಕ್ಕ ಯಾರಿಗೆ ಒಪ್ಪಿಸುತ್ತಾರೆ, ಈ ಮೂರರ ಬಗ್ಗೆ ಮಾತ್ರ ನಮ್ಮ ಜಗಳ.

ಇದ್ದದ್ದನ್ನು ಇದ್ದ ಹಾಗೆ ಹೇಳೋಣ

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಮೊದಲ ವರ್ಷಗಳಲ್ಲಿ ಅದನ್ನು ಎತ್ತಿ ನಿಲ್ಲಿಸಿದವರು ಸಂಬಳವಿಲ್ಲದ ಹವ್ಯಾಸಿಗಳು. 2012ರಲ್ಲಿ ವಿಕಿಮೀಡಿಯ ಫೌಂಡೇಶನ್ ತನ್ನ ಭಾರತದ ಕಾರ್ಯಕ್ರಮವನ್ನು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿಗೆ ಅನುದಾನದ ರೂಪದಲ್ಲಿ ವಹಿಸಿತು. ಅಲ್ಲಿಂದ ಕನ್ನಡದಂಥ ಭಾಷೆಗಳಿಗೆ ಸಂಬಳದ ಕಾರ್ಯಕ್ರಮಾಧಿಕಾರಿ ಎನ್ನುವ ಹುದ್ದೆ ಬಂತು. ಅದರಿಂದ ಏನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. 2014ರಲ್ಲಿ ನಿರಂಜನರ ಕೃತಿಗಳು ಮುಕ್ತ ಪರವಾನಗಿಯಲ್ಲಿ ಬಂದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳು ಮುಕ್ತವಾದವು. ವರ್ಷಗಟ್ಟಲೆ ಪರೀಕ್ಷಾರ್ಥವಾಗಿ ಉಳಿದಿದ್ದ ತುಳು ವಿಕಿಪೀಡಿಯ 2016ರ ಆಗಸ್ಟಿನಲ್ಲಿ ಪೂರ್ಣ ಪ್ರಮಾಣದಲ್ಲಿ ಹೊರಬಂತು. ಕರಾವಳಿಯವರು ತಮ್ಮದೇ ಬಳಗ ಕಟ್ಟಿಕೊಂಡರು.

ಕರಾವಳಿಯಲ್ಲಿ ಊರಿನವರೇ ಮುಂದೆ ನಿಂತರು, ಕೆಲಸ ಉಳಿಯಿತು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಲ್ಲಿ ಇದೇ ಮಾದರಿ ಯಾಕೆ ಬೇರು ಬಿಡಲಿಲ್ಲ ಎಂದು ಕೇಳಿದರೆ ‘ಅಲ್ಲಿ ಆಸಕ್ತಿ ಇಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಆಸಕ್ತಿಯ ಕಥೆ ಏನೆಂದು ನಾವು ಕಣ್ಣಾರೆ ಕಂಡಿದ್ದೇವೆ.

ನಮ್ಮ ಕಡೆಯ ಒಂದು ಪದವಿ ಕಾಲೇಜಿಗೆ ಅನುದಾನದ ಒಂದು ತಂಡ ಬಂತು. ಹೆಸರು ಬೇಡ, ಹೆಸರು ಹೇಳಿದರೆ ಜಗಳ ಹೆಸರಿನ ಸುತ್ತಲೇ ತಿರುಗುತ್ತದೆ. ಅರವತ್ತು ವಿದ್ಯಾರ್ಥಿಗಳು, ಮೂರು ತಾಸು, ಒಂದು ಕಂಪ್ಯೂಟರ್ ಲ್ಯಾಬು, ಒಂದೇ ಇಂಟರ್‌ನೆಟ್ ಸಂಪರ್ಕ. ವಿಕಿಪೀಡಿಯದಲ್ಲಿ ಒಂದು ಸಂಪರ್ಕದಿಂದ ದಿನಕ್ಕೆ ಆರು ಖಾತೆ ಮಾತ್ರ ತೆರೆಯಬಹುದು. ಹೆಚ್ಚು ಬೇಕಾದರೆ ಮೊದಲೇ ವಿನಾಯಿತಿ ಕೇಳಿಕೊಳ್ಳಬೇಕು. ಬಂದವರು ಕೇಳಿಕೊಂಡಿರಲಿಲ್ಲ. ಆರು ಹುಡುಗರಿಗೆ ಖಾತೆಯಾಯಿತು, ಉಳಿದ ಐವತ್ನಾಲ್ಕು ಮಂದಿ ಪರದೆ ನೋಡುತ್ತ ಕೂತರು. ಇನ್ನೊಂದು ತಮಾಷೆ ನೋಡಿ. ಹುಡುಗರು ಮನೆಯಿಂದ ಬರೆದು ತಂದಿದ್ದ ಲೇಖನಗಳೆಲ್ಲ ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿದ್ದವು. ಡಿಟಿಪಿ ಅಂಗಡಿಯಲ್ಲಿ, ಪತ್ರಿಕಾ ಕಚೇರಿಯಲ್ಲಿ ನಮ್ಮ ಕಡೆ ಇವತ್ತಿಗೂ ಅದೇ ನಡೆಯುತ್ತದೆ. ಅಂಟಿಸಿದರೆ ಪರದೆಯ ಮೇಲೆ ಬಂದದ್ದು ಕಸಬರಿಗೆ ಕಡ್ಡಿಯಂಥ ಇಂಗ್ಲಿಷ್ ಅಕ್ಷರಗಳು. ಅದನ್ನು ಯೂನಿಕೋಡಿಗೆ ತಿರುಗಿಸುವುದು ಎರಡು ನಿಮಿಷದ ಕೆಲಸ ಎಂದು ಆ ಊರಿನ ಯಾವ ಡಿಟಿಪಿ ಹುಡುಗನನ್ನು ಕೇಳಿದರೂ ಹೇಳುತ್ತಿದ್ದ. ಕೇಳುವಷ್ಟು ಹೊತ್ತು ಬಂದವರಿಗಿರಲಿಲ್ಲ, ಸಂಜೆಯ ರೈಲಿತ್ತು.

ವರದಿಯಲ್ಲಿ ಬಂದದ್ದು ‘ಅರವತ್ತು ಹೊಸ ಸಂಪಾದಕರು’. ಗುಂಪು ಫೋಟೊ ಚೆನ್ನಾಗಿ ಬಂದಿತ್ತು. ತಿಂಗಳ ನಂತರ ಆ ಕಾಲೇಜಿನ ಹುಡುಗಿಯೊಬ್ಬಳು ನಮ್ಮನ್ನು ಕೇಳಿದಳು: ‘ಅಣ್ಣಾರ, ನಮ್ಮ ಫೋಟೊ ಹಾಕ್ಯಾರ. ನಮ್ಮ ಲೇಖನ ಎಲ್ಲೈತ್ರಿ?’

ಆಸಕ್ತಿ ಇಲ್ಲ ಎನ್ನುವವರು ಈ ಪ್ರಶ್ನೆಗೆ ಉತ್ತರ ಕೊಡಲಿ.

ತಲೆ ಎಣಿಸುವ ರೋಗ

ಇದು ಒಬ್ಬ ವ್ಯಕ್ತಿಯ ಸೋಮಾರಿತನವಲ್ಲ. ಅನುದಾನ ಕೊಡುವವರು ಕೇಳುವುದೇ ಸಂಖ್ಯೆ: ಎಷ್ಟು ಕಾರ್ಯಾಗಾರ, ಎಷ್ಟು ಜನ, ಅವರಲ್ಲಿ ಹೆಣ್ಣುಮಕ್ಕಳೆಷ್ಟು, ಎಷ್ಟು ಲೇಖನ. ಕೇಳಿದ್ದನ್ನೇ ಹುದ್ದೆಯಲ್ಲಿರುವವರು ಬೆಳೆಯುತ್ತಾರೆ. ಮಳೆ ವಿಮೆ ಯಾವ ಬೆಳೆಗೆ ಸಿಗುತ್ತದೋ ಕಾಗದದ ಮೇಲೆ ಅದೇ ಬೆಳೆ ಎದ್ದು ನಿಲ್ಲುವುದನ್ನು ಕಂಡ ತಾಲ್ಲೂಕು ನಮ್ಮದು, ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದರ ಫಲ ಏನೆಂದು ದೇಶ ಒಮ್ಮೆ ದೊಡ್ಡದಾಗಿಯೇ ನೋಡಿದೆ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ವಿಕಿಮೀಡಿಯದ ಭಾರತ ಶಿಕ್ಷಣ ಕಾರ್ಯಕ್ರಮ ನಡೆಯಿತು. ನೂರಾರು ವಿದ್ಯಾರ್ಥಿಗಳನ್ನು ಒಮ್ಮೆಲೇ ಬರೆಯಲು ಕೂರಿಸಿದರು. ಅವರಲ್ಲಿ ಬಹಳ ಮಂದಿ ಪುಸ್ತಕದಿಂದ, ಜಾಲತಾಣದಿಂದ ಕದ್ದು ಹಾಕಿದರು. ಕೃತಿಸ್ವಾಮ್ಯ ಉಲ್ಲಂಘನೆಯ ಆ ರಾಶಿಯನ್ನು ತೊಳೆದವರು ಸಂಬಳವಿಲ್ಲದ ಸ್ವಯಂಸೇವಕರು. ಅದೇ ವರ್ಷದ ನವೆಂಬರಿನಲ್ಲಿ ಪ್ರಯೋಗ ನಿಂತುಹೋಯಿತು.

ಅದಕ್ಕೂ ಸ್ವಲ್ಪ ಮೊದಲು ಗೂಗಲ್ ಕಂಪನಿ ಭಾಷಾಂತರಕಾರರಿಗೆ ಹಣ ಕೊಟ್ಟು ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ಕನ್ನಡ, ತಮಿಳು, ತೆಲುಗು, ಬಂಗಾಳಿಗೆ ತರಿಸಿತ್ತು. ಭಾಷೆಗೆ ಲೇಖನಗಳು ಬಂದವು, ಲೇಖನಗಳಿಗೆ ಭಾಷೆ ಬರಲಿಲ್ಲ. ಅರ್ಥವಾಗದ ಉದ್ದುದ್ದ ವಾಕ್ಯಗಳು, ನಮ್ಮವರು ಯಾರೂ ಕೇಳದ ವಿಷಯಗಳು. ಬಂಗಾಳಿಯವರು ಬೇಡವೆಂದು ಬಾಗಿಲು ಹಾಕಿದರು. 2011ರ ಹೊತ್ತಿಗೆ ಆ ಯೋಜನೆಯೂ ಮುಗಿಯಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಜಾತ್ರೆ ಮುಗಿದ ಮೇಲೆ ಬಯಲಿನ ಕಸ ಬಳಿಯುವವರು ಊರಿನವರು.

ರೊಕ್ಕ ಬೆಂಗಳೂರು ದಾಟದ್ದು ಯಾಕೆ

ಇಲ್ಲಿ ಬೆಂಗಳೂರಿನವರನ್ನಷ್ಟೇ ಬೈದರೆ ಅರ್ಧ ಸತ್ಯವಾಗುತ್ತದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಅದರ ನಂತರ ವಿದೇಶಿ ಹಣ ಪಡೆದ ಸಂಸ್ಥೆ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆ ಇನ್ನೊಂದು ಸಂಸ್ಥೆಗೂ ನೋಂದಣಿ ಇದ್ದರೂ ಸಹ. ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು. ವಿದೇಶಿ ಹಣ ಬಂದು ಬೀಳಬೇಕಾದ ಖಾತೆ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲೇ ಇರಬೇಕು. ಹೊಸದಾಗಿ ನೋಂದಣಿ ಬೇಕಾದ ಸಂಘ ಹಿಂದಿನ ಮೂರು ವರ್ಷದಲ್ಲಿ ತನ್ನ ಮುಖ್ಯ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು.

ಅಣ್ಣಿಗೇರಿಯ ಒಂದು ಯುವಕ ಸಂಘ 15 ಲಕ್ಷ ಖರ್ಚು ಮಾಡಿ, ದೆಹಲಿಯಲ್ಲಿ ಖಾತೆ ತೆರೆದು, ಹಳೆಯ ಪುಸ್ತಕ ಸ್ಕ್ಯಾನ್ ಮಾಡುವ ದಿನ ಬರುವುದಿಲ್ಲ. ಕಾಯ್ದೆ ಬರೆದವರಿಗೆ ಇದು ಗೊತ್ತಿಲ್ಲದೆ ಇರಲಿಲ್ಲ. ಹಾಗಾಗಿ ವಿದೇಶಿ ಅನುದಾನದ ಹುದ್ದೆ ದೊಡ್ಡ ಊರಿನ ದೊಡ್ಡ ಸಂಸ್ಥೆಯಲ್ಲೇ ಉಳಿಯುತ್ತದೆ.

ಆದರೆ ಕಾಯ್ದೆ ತಡೆಯುವುದು ಹಣ ಇನ್ನೊಂದು ಸಂಸ್ಥೆಗೆ ಹೋಗುವುದನ್ನು. ತನ್ನದೇ ನೌಕರನನ್ನು ನವಲಗುಂದದಲ್ಲಿ ಕೂರಿಸುವುದನ್ನು ಕಾಯ್ದೆ ತಡೆದಿಲ್ಲ. ‘ಸ್ಥಳ ಬೆಂಗಳೂರು’ ಎಂದು ಬರೆದದ್ದು ಗೃಹ ಸಚಿವಾಲಯವಲ್ಲ. ಜೊತೆಗೆ ದೇಶದೊಳಗಿನ ಹಣವೂ ಈಗ ಇದೆ. 2020ರಲ್ಲಿ ಶುರುವಾದ ಫಾಸ್ ಯುನೈಟೆಡ್ ಪ್ರತಿಷ್ಠಾನ ಮುಕ್ತ ತಂತ್ರಾಂಶದ ಕೆಲಸಕ್ಕೆ ಅನುದಾನ ಕೊಡುತ್ತದೆ. ಜೆರೋಧಾ ಕಂಪನಿ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿತು. ಈ ಹಣಕ್ಕೆ ದೆಹಲಿ ಖಾತೆಯ ಕಾಟವಿಲ್ಲ. ಹುಬ್ಬಳ್ಳಿ ದಾಟಿ ಈಚೆ ಬರುವುದಕ್ಕೆ ಇದಕ್ಕೇನು ಅಡ್ಡಿ?

ಸೇವೆ ಎನ್ನುವ ಸಿಹಿ ಮಾತು

ಈಗ ಕೈ ಯಾರದು ಎನ್ನುವ ಪ್ರಶ್ನೆಗೆ ಬರೋಣ.

ಧಾರವಾಡದ ಆಲೂರ ವೆಂಕಟರಾಯರು ತೀರಿಕೊಂಡದ್ದು 1964ರಲ್ಲಿ. ನಮ್ಮ ದೇಶದಲ್ಲಿ ಲೇಖಕರ ಮರಣದ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಅಂದರೆ 2025ರ ಜನವರಿ 1ರಿಂದ ಅವರು ಬದುಕಿದ್ದಾಗ ಅಚ್ಚಾದ ಬರಹಗಳು ಎಲ್ಲರ ಸೊತ್ತು. 1917ರ ‘ಕರ್ನಾಟಕ ಗತವೈಭವ’ವನ್ನು ಈಗ ಯಾರು ಬೇಕಾದರೂ ಡಿಜಿಟಲ್ ಮಾಡಿ ಎಲ್ಲರಿಗೂ ಹಂಚಬಹುದು, ಯಾರ ಅಪ್ಪಣೆಯೂ ಬೇಡ. ಕನ್ನಡ ನಾಡನ್ನು ಕೂಡಿಸಿದವರ ಪುಸ್ತಕ ಎಲ್ಲರ ಮೊಬೈಲಿಗೆ ತಲುಪುವುದಕ್ಕೆ ಈಗ ತಡೆ ಕಾನೂನಲ್ಲ, ಕೈ.

ಆ ಕೈಯ ಕೆಲಸ ಎಷ್ಟು? ವಿಕಿಸೋರ್ಸಿನಲ್ಲಿ ಯಂತ್ರ ಅಕ್ಷರ ಓದಿಕೊಟ್ಟ ಮೇಲೆ ಪ್ರತಿ ಪುಟವನ್ನೂ ಒಬ್ಬರು ಮೂಲದೊಂದಿಗೆ ಹೋಲಿಸಿ ತಿದ್ದಬೇಕು, ಆಗ ಪುಟದ ಗುರುತು ಹಳದಿಯಾಗುತ್ತದೆ. ಬೇರೊಬ್ಬರು ಮತ್ತೊಮ್ಮೆ ನೋಡಿ ಒಪ್ಪಿದರೆ ಹಸಿರು. ಹಳೆಯ ಅಚ್ಚು, ಸವೆದ ಮೊಳೆ, ಒತ್ತಕ್ಷರ ಮುರಿದ ಪುಟ. ಒಂದು ಪುಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿರಿ. 300 ಪುಟದ ಪುಸ್ತಕಕ್ಕೆ ಮೊದಲ ಸುತ್ತಿಗೇ 100 ತಾಸು, ಎಂಟು ತಾಸಿನ ಲೆಕ್ಕದಲ್ಲಿ ಹನ್ನೆರಡೂವರೆ ದಿನ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಕೆರೆ ಹೂಳೆತ್ತುವ ಆ ದರದಲ್ಲೇ ಲೆಕ್ಕ ಹಾಕಿದರೂ ಒಂದು ಪುಸ್ತಕಕ್ಕೆ 4,625 ರೂಪಾಯಿ ಕೂಲಿ ಬೀಳುತ್ತದೆ.

ಇದನ್ನು ಯಾರೂ ಕೊಡುವುದಿಲ್ಲ. ಇದು ‘ಸ್ವಯಂಸೇವೆ’. ಸರ್ಕಾರ ಜನರ ದನಿ ಸಂಗ್ರಹಿಸುವ ತನ್ನ ಯೋಜನೆಗೆ ‘ಭಾಷಾದಾನ’ ಎಂದೇ ಹೆಸರಿಟ್ಟಿದೆ. ತಿದ್ದುವವರನ್ನು ಎಣಿಸುವವರಿಗೆ ಸಂಬಳ, ತಿದ್ದುವವರಿಗೆ ಪ್ರಮಾಣಪತ್ರ. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಈ ಸೇವೆ ಎನ್ನುವ ಮಾತು ನಮಗೆ ಹೊಸದಲ್ಲ. ಆಶಾ ಕಾರ್ಯಕರ್ತೆಯರನ್ನು 2005ರಿಂದ ‘ಸ್ವಯಂಸೇವಕಿಯರು’ ಎಂದೇ ಕರೆದುಕೊಂಡು ಬಂದಿದ್ದಾರೆ. ಅಂಗನವಾಡಿ ಕಾರ್ಯಕರ್ತೆಗೆ ಕೊಡುವುದು ಸಂಬಳವಲ್ಲ, ಗೌರವಧನ. ಅವರಿಗೂ ಉಪದಾನ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಲು 2022 ಬರಬೇಕಾಯಿತು. ಅತಿಥಿ ಉಪನ್ಯಾಸಕರು ಎಷ್ಟು ವರ್ಷ ಪಾಠ ಮಾಡಿದರೂ ಅತಿಥಿಗಳೇ. ಇನ್ನು ನಾವು, ಸುದ್ದಿಗಿಷ್ಟು ಎಂದು ಎಣಿಸಿ ಕೊಡುವ ಬಿಡಿ ವರದಿಗಾರರು. ಗೌರವ ಹೆಚ್ಚಾದಲ್ಲೆಲ್ಲ ಧನ ಕಡಿಮೆ ಎನ್ನುವುದು ನಮ್ಮ ಅನುಭವದ ಗಣಿತ.

‘ಸಂಬಳವಿಲ್ಲದೆಯೂ ದೊಡ್ಡ ಕೆಲಸ ಆಗಿದೆಯಲ್ಲ’ ಎಂದು ಕೇಳುವವರಿದ್ದಾರೆ. ಆಗಿದೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಬಂತು. ಒಂದೂವರೆ ಲಕ್ಷ ಪದ, 2.4 ಲಕ್ಷ ಅರ್ಥ. ಅಂಥ ತಪಸ್ಸಿಗೆ ಕೈಮುಗಿಯೋಣ. ಆದರೆ ಒಬ್ಬರು ನಲವತ್ತು ವರ್ಷ ಜೀವ ತೇಯ್ದರು ಎನ್ನುವುದನ್ನು ತೋರಿಸಿ ಉಳಿದವರಿಗೂ ಪುಕ್ಕಟೆ ದುಡಿಯಿರಿ ಎನ್ನುವುದು ತಪಸ್ಸಿಗೇ ಮಾಡುವ ಅವಮಾನ. ಬಾಡಿಗೆ ಮನೆ, ಬಿತ್ತನೆ ಸಾಲ, ತಂಗಿಯ ಮದುವೆ ತಲೆಯ ಮೇಲಿರುವ ಕುಂದಗೋಳದ ಪದವೀಧರನಿಗೆ ತಪಸ್ಸು ಮಾಡಲು ತಾಸು ಎಲ್ಲಿದೆ? ಪುಕ್ಕಟೆ ದುಡಿಯುವ ಶಕ್ತಿ ಉಳ್ಳವರಿಗೆ ಮಾತ್ರ ಇರುತ್ತದೆ. ಎಲ್ಲ ಸ್ವಯಂಸೇವೆಯೇ ಆದರೆ ಮುಕ್ತ ಜ್ಞಾನದಲ್ಲಿ ಉಳಿಯುವುದು ಉಳ್ಳವರ ಊರು, ಉಳ್ಳವರ ಮಾತು.

ಇಲ್ಲಿ ಕೆಲಸ ಏನಿದೆ?

1980ರ ಜುಲೈ 21. ಮಲಪ್ರಭಾ ನೀರಾವರಿ ಪ್ರದೇಶದ ಕರದ ವಿರುದ್ಧ ನವಲಗುಂದದಲ್ಲಿ ರೈತರು ಬೀದಿಗಿಳಿದ ದಿನ. ಪೊಲೀಸರ ಗುಂಡಿಗೆ ಅಳಗವಾಡಿಯ ಬಸಪ್ಪ ಲಕ್ಕುಂಡಿ ಬಲಿಯಾದರು. ರಾಜ್ಯದ ರೈತ ಚಳವಳಿಗೆ ಕಿಡಿ ಬಿದ್ದದ್ದು ಅಲ್ಲಿಂದ. ಆ ದಿನ ಇಪ್ಪತ್ತೈದರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತರ ಮೇಲೆ. ಅವರ ಮಾತನ್ನು ದಾಖಲಿಸಿ, ಮನೆಯಲ್ಲಿರುವ ಫೋಟೊ, ಕರಪತ್ರ ಸ್ಕ್ಯಾನ್ ಮಾಡಿ ಮುಕ್ತ ಭಂಡಾರಕ್ಕೆ ಸೇರಿಸಲು ನಮಗೆ ಉಳಿದಿರುವುದು ಹೆಚ್ಚೆಂದರೆ ಐದಾರು ವರ್ಷ. ಅನುದಾನದ ನವೀಕರಣಕ್ಕೆ ಅವರ ಆಯುಷ್ಯ ಕಾಯುವುದಿಲ್ಲ.

ನವಲಗುಂದದ ಜಮಖಾನಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿ ದಶಕ ದಾಟಿತು. ನಿಂತ ಮಗ್ಗದ ಮುಂದೆ ಕೂತು ನೇಯುವ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಾಗಿದ್ದಾರೆ. ಮಗ್ಗದ ಒಂದೊಂದು ಭಾಗಕ್ಕೂ, ಒಂದೊಂದು ಚಿತ್ತಾರಕ್ಕೂ ಅವರ ಬಾಯಲ್ಲಿರುವ ಹೆಸರನ್ನು ಯಾರು ಬರೆದುಕೊಳ್ಳುತ್ತಾರೆ? ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವ ಮನೆಗಳ ಕಥೆಯೂ ಇದೇ. ಸವಾಯಿ ಗಂಧರ್ವರ ಕುಂದಗೋಳಕ್ಕೆ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿಯಲು ಬಂದರು ಎಂದು ಎಲ್ಲರೂ ಬರೆಯುತ್ತಾರೆ. ನಾಡಗೇರ ವಾಡೆಯ ಸಂಗೀತ ಸಭೆಗಳಲ್ಲಿ ದಶಕಗಟ್ಟಲೆ ಕೂತು ಕೇಳಿದ ಊರಿನ ಹಿರಿಯರನ್ನು ಕೇಳಿ ಬರೆದವರೆಷ್ಟು ಮಂದಿ? ಅಣ್ಣಿಗೇರಿ ಎಂದರೆ ಪಂಪ, ಅಮೃತೇಶ್ವರ ಗುಡಿ, ಅಲ್ಲಿಗೆ ಮುಗಿಯಿತು.

ಇಲ್ಲೊಂದು ಗಂಟಿದೆ, ಅದನ್ನು ಬಿಚ್ಚಬಲ್ಲವರು ನಮ್ಮಂಥವರು. ವಿಕಿಪೀಡಿಯ ಬಾಯಿಮಾತನ್ನು ಆಧಾರವೆಂದು ಒಪ್ಪುವುದಿಲ್ಲ, ಅಚ್ಚಾದದ್ದು ಬೇಕು. ನಮ್ಮ ತಾಲ್ಲೂಕುಗಳ ಬಗ್ಗೆ ಅಚ್ಚಾದದ್ದು ಬಹುಪಾಲು ಇರುವುದು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ. ಆ ಪುಟಗಳು ಮರುದಿನ ಮಿರ್ಚಿ ಕಟ್ಟಲು ಹೋಗುತ್ತವೆ. ಕತ್ತರಿಸಿ ಇಟ್ಟುಕೊಂಡವರು ಬಿಡಿ ವರದಿಗಾರರು, ಹಳೆಯ ಏಜೆಂಟರು, ಕೆಲವು ಶಾಲಾ ಮಾಸ್ತರರು. ಯಾವ ಸುದ್ದಿ ಯಾವ ತಾರೀಖಿನದು, ಯಾವ ಪತ್ರಿಕೆಯ ಎಷ್ಟನೇ ಪುಟ ಎಂದು ಪಟ್ಟಿ ಮಾಡಿದರೆ ಸಾಕು, ನೂರು ಲೇಖನಕ್ಕೆ ಆಧಾರ ಸಿಗುತ್ತದೆ. ಈ ಪಟ್ಟಿ ಯಾವ ಅನುದಾನದ ಅರ್ಜಿಯ ಖಾನೆಯಲ್ಲೂ ಕೂರುವುದಿಲ್ಲ. ಅದು ಕಾರ್ಯಾಗಾರವಲ್ಲ, ಗುಂಪು ಫೋಟೊ ಬರುವುದಿಲ್ಲ.

ನಮಗೆ ಬೇಕಾದ ಹುದ್ದೆ

ಉದ್ಯೋಗ ಖಾತ್ರಿಯ ಕೆಲಸದಲ್ಲಿ ಕಾಯಕ ಬಂಧು ಎಂಬವರನ್ನು ನೀವೆಲ್ಲ ನೋಡಿದ್ದೀರಿ. ಅದೇ ಊರಿನವರು. ಕೂಲಿಕಾರರನ್ನು ಸೇರಿಸುತ್ತಾರೆ, ಹಾಜರಿ ಹಾಕುತ್ತಾರೆ, ಯಾರಿಗೆ ಕೆಲಸ ಸಿಕ್ಕಿಲ್ಲ ಎಂದು ಪಂಚಾಯ್ತಿಗೆ ಹೇಳುತ್ತಾರೆ, ಅದಕ್ಕೆ ಪ್ರೋತ್ಸಾಹಧನ ಪಡೆಯುತ್ತಾರೆ. ಅಲ್ಲಿಯೂ ತಲೆ ಎಣಿಕೆ ಇದೆ, ಸುಳ್ಳು ಹಾಜರಿಯೂ ಇದೆ. ಆದರೆ ಹಾಜರಿಯ ಬೆನ್ನಿಗೆ ಎರಡು ಕಾವಲಿವೆ. ಎಷ್ಟು ಮಣ್ಣು ಎತ್ತಿದರು ಎಂದು ಎಂಜಿನಿಯರ್ ಅಳೆಯುತ್ತಾರೆ. ಸಾಮಾಜಿಕ ಲೆಕ್ಕ ಪರಿಶೋಧನೆಯಲ್ಲಿ ಜನರ ಮುಂದೆ ಪಟ್ಟಿ ಓದುತ್ತಾರೆ, ‘ನಾ ಕೆಲಸಕ್ಕ ಬಂದೇ ಇಲ್ಲ, ನನ್ನ ಹೆಸರು ಹೆಂಗ ಬಂತು’ ಎಂದು ಎದ್ದು ಕೇಳುವ ಹಕ್ಕು ಎಲ್ಲರಿಗೂ ಇದೆ. ಮುಕ್ತ ಜ್ಞಾನದ ಸಂಯೋಜಕರಿಗೆ ಈ ಎರಡೂ ಕಾವಲಿಲ್ಲ.

ಹೊರದೇಶದಲ್ಲೂ ಒಳ್ಳೆಯ ಮಾದರಿಗಳಿವೆ. ಜ್ಯಾಂಗೊ ಎಂಬ ಮುಕ್ತ ತಂತ್ರಾಂಶದ ಪ್ರತಿಷ್ಠಾನ 2014ರಿಂದ ‘ಫೆಲೊ’ ಎಂಬ ಸಂಬಳದ ಹುದ್ದೆ ಇಟ್ಟಿದೆ. ಆ ಫೆಲೊ ಯಜಮಾನನಲ್ಲ. ಬೇರೆಯವರು ಕಳಿಸಿದ ತಿದ್ದುಪಡಿ ಪರಿಶೀಲಿಸುವುದು, ದೂರುಗಳನ್ನು ವಿಂಗಡಿಸುವುದು, ಹೊಸ ಆವೃತ್ತಿ ಹೊರತರುವುದು ಅವನ ಕೆಲಸ. ಅಂದರೆ ಸ್ವಯಂಸೇವಕರಿಗೆ ಬೇಜಾರಾಗುವ ಚಾಕರಿ. ವಾರಕ್ಕೊಮ್ಮೆ ಏನು ಮಾಡಿದೆ ಎಂದು ಎಲ್ಲರೂ ಓದುವಂತೆ ಬರೆದು ಹಾಕುವ ಪದ್ಧತಿಯನ್ನೂ ಅಲ್ಲಿ ಬೆಳೆಸಿದರು. 2021ರಲ್ಲಿ ಪೈಥಾನ್ ಪ್ರತಿಷ್ಠಾನವೂ ಇಂಥದೇ ಹುದ್ದೆ ಮಾಡಿತು. ಸಂಬಳ ಬಂದದ್ದರಿಂದ ಸಮುದಾಯ ಸಾಯಲಿಲ್ಲ, ಏಕೆಂದರೆ ಸಂಬಳ ಬಂದದ್ದು ಚಾಕರಿಗೆ.

ಹಾಗಾಗಿ ನಮ್ಮ ಬೇಡಿಕೆಗಳು ಇವು.

ಒಂದು, ಹುದ್ದೆ ತಾಲ್ಲೂಕಿನಲ್ಲಿರಲಿ. ಪಂಚಾಯ್ತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ‘ಅರಿವು ಕೇಂದ್ರ’ ಎಂಬ ಹೆಸರು. ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಇವೆ. ಬಹಳ ಕಡೆ ಕಂಪ್ಯೂಟರೂ ಇದೆ. ಸಂಯೋಜಕರು ಕೂರಲು ಹೊಸ ಕಚೇರಿ ಬೇಕಿಲ್ಲ. ಬೆಂಗಳೂರಿನ ಒಂದು ಬಾಡಿಗೆಯಲ್ಲಿ ಇಲ್ಲಿ ಇಬ್ಬರು ಬದುಕುತ್ತಾರೆ.

ಎರಡು, ಅವಧಿ ಮೂರು ವರ್ಷಕ್ಕಿಂತ ಕಡಿಮೆ ಬೇಡ. ಹನ್ನೊಂದು ತಿಂಗಳಲ್ಲಿ ಮೂರು ತಿಂಗಳು ಪರಿಚಯಕ್ಕೆ, ಮೂರು ತಿಂಗಳು ಮುಂದಿನ ಅರ್ಜಿಗೆ ಹೋಗುತ್ತದೆ. ಉಳಿದದ್ದರಲ್ಲಿ ಯಾವ ಅಜ್ಜನ ನಂಬಿಕೆ ಗಳಿಸುತ್ತೀರಿ?

ಮೂರು, ಆಯ್ಕೆಯಲ್ಲಿ ಕೆಲಸ ಮಾಡಿದವರ ಮಾತು ನಡೆಯಲಿ. ಆಯ್ಕೆ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪುಟ ತಿದ್ದಿದವರು, ಫೋಟೊ ಹಾಕಿದವರು, ತಂತ್ರಾಂಶ ಕನ್ನಡೀಕರಿಸಿದವರು ಇರಲಿ. ನೇಮಿಸಿದಂತೆ ಇಳಿಸುವ ಅಧಿಕಾರವೂ ಅವರಿಗಿರಲಿ.

ನಾಲ್ಕು, ವರದಿ ಕನ್ನಡದಲ್ಲಿ, ಹದಿನೈದು ದಿನಕ್ಕೊಂದು ಪುಟ. ಅನುದಾನ ಕೊಟ್ಟವರಿಗೆ ಇಂಗ್ಲಿಷ್ ಬೇಕಾದರೆ ಅನುವಾದದ ಖರ್ಚು ಅವರದು. ವರ್ಷಕ್ಕೊಮ್ಮೆ ಊರಲ್ಲಿ ಸಭೆ ಕರೆದು ಹೆಸರಿನ ಪಟ್ಟಿ ಓದಲಿ. ಅರವತ್ತು ಸಂಪಾದಕರು ಎಂದರೆ ಆ ಅರವತ್ತೂ ಮಂದಿ ‘ಹೌದು’ ಎನ್ನಲಿ.

ಐದು, ಚಾಕರಿಗೆ ಕೂಲಿ ಇರಲಿ. ವಿಶ್ವಕೋಶದ ಲೇಖನಕ್ಕೆ ಹಣ ಕೊಡಿ ಎಂದು ನಾವು ಕೇಳುತ್ತಿಲ್ಲ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಬೇಕೆಂದು ವಿಕಿಮೀಡಿಯ 2014ರಲ್ಲೇ ನಿಯಮ ಮಾಡಿದೆ, ಅದು ಸರಿಯೇ, ಬರಹ ಮಾರಾಟಕ್ಕಿಳಿದರೆ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇವೆ. ಆದರೆ ಸ್ಕ್ಯಾನ್ ಮಾಡುವುದು, ಹಳೆಯ ಪುಸ್ತಕದ ಪುಟ ತಿದ್ದುವುದು, ದನಿ ಮುದ್ರಿಸುವುದು, ಪಟ್ಟಿ ಮಾಡುವುದು ಅಭಿಪ್ರಾಯದ ಕೆಲಸವಲ್ಲ, ದುಡಿಮೆ. ಬಸ್ ಚಾರ್ಜು, ಡೇಟಾ, ಮಧ್ಯಾಹ್ನದ ಊಟ, ತಾಸಿನ ಕೂಲಿ ಕೊಡಿ.

ಆರು, ಹುದ್ದೆ ಮುಗಿದ ಮರುದಿನ ಏನು ಎಂದು ಮೊದಲ ದಿನವೇ ಬರೆದಿಡಿ. ಪಾಸ್‌ವರ್ಡು, ಸ್ಕ್ಯಾನ್ ಪ್ರತಿ, ಜನರ ಪಟ್ಟಿ, ಯಂತ್ರ ಯಾರ ಬಳಿ ಉಳಿಯುತ್ತದೆ? ಒಬ್ಬ ಸಂಯೋಜಕ ಹೋದಾಗ ಇಬ್ಬರು ತಯಾರಿರದಿದ್ದರೆ ಆ ಅನುದಾನ ಸೋತಿದೆ ಎಂದೇ ಬರೆಯಬೇಕು.

ಎರಡು ಆಕ್ಷೇಪ

‘ತಾಲ್ಲೂಕಿನಲ್ಲಿ ಅಂಥ ಅರ್ಹರು ಸಿಗುವುದಿಲ್ಲ’ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಐಐಟಿ ಇದೆ, ಐಐಐಟಿ ಇದೆ, ಪತ್ರಿಕೋದ್ಯಮ ಓದಿ ರಸಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಇದ್ದಾರೆ. ಸಿಗದೇ ಇರುವುದು ಇಂಗ್ಲಿಷ್‌ನಲ್ಲಿ ಅನುದಾನದ ಭಾಷೆ ಬರೆಯುವವರು. ಅದನ್ನು ಆರು ತಿಂಗಳಲ್ಲಿ ಕಲಿಸಬಹುದು. ಊರಿನ ನಂಟನ್ನು ಆರು ವರ್ಷದಲ್ಲೂ ಕಲಿಸಲಾಗದು.

‘ಊರಿಗೆ ಬಂದರೆ ಜಾ‌ತಿ, ಪಕ್ಷ, ಗುಂಪುಗಾರಿಕೆ ಬರುತ್ತದೆ’ ಎನ್ನುವುದು ಇನ್ನೊಂದು. ಬರುತ್ತದೆ, ಅಲ್ಲಗಳೆಯುವುದಿಲ್ಲ. ಅಧ್ಯಕ್ಷರ ಅಳಿಯನಿಗೇ ಹುದ್ದೆ ಸಿಗುವ ಅಪಾಯ ನಿಜ. ಅದಕ್ಕೇ ಬಹಿರಂಗ ಆಯ್ಕೆ, ಕನ್ನಡದ ವರದಿ, ಪಟ್ಟಿ ಓದುವ ಸಭೆ ಕೇಳಿದ್ದು. ಬೆಂಗಳೂರಿನಲ್ಲಿ ಗುಂಪುಗಾರಿಕೆ ಇಲ್ಲವೇ? ಇದೆ, ಇಂಗ್ಲಿಷ್‌ನಲ್ಲಿದೆ, ಅದಕ್ಕೆ ನಮಗೆ ಕೇಳಿಸುವುದಿಲ್ಲ ಅಷ್ಟೆ.

1890ರಲ್ಲಿ ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ಕನ್ನಡ ಪುಸ್ತಕ ಬರೆಸುವುದು, ಬರೆದವರಿಗೆ ಬಹುಮಾನ ಕೊಡುವುದು, ಅಚ್ಚು ಹಾಕಿಸುವುದು ಅದರ ಕೆಲಸವಾಗಿತ್ತು. ಮರಾಠಿಯ ದೊಡ್ಡ ನೆರಳಿನಲ್ಲಿ ಕನ್ನಡದವರು ತಮ್ಮ ರೊಕ್ಕ, ತಮ್ಮ ಜನ, ತಮ್ಮ ಲೆಕ್ಕ ಇಟ್ಟುಕೊಂಡು ಮಾಡಿದ ಕೆಲಸ ಅದು. ಅನುದಾನ, ಸಮುದಾಯ, ಸಂಯೋಜಕ ಎನ್ನುವ ಪದಗಳು ಬರುವ ಎಷ್ಟೋ ಮೊದಲೇ ಈ ಜಿಲ್ಲೆಗೆ ಆ ವಿದ್ಯೆ ಗೊತ್ತಿತ್ತು.

ಓದುಗರಲ್ಲಿ ಒಂದೇ ಕೋರಿಕೆ. ನಿಮ್ಮ ಕಾಲೇಜಿಗೆ, ಗ್ರಂಥಾಲಯಕ್ಕೆ, ಊರಿಗೆ ಇಂಥ ತಂಡ ಬಂದರೆ ಚಹಾ ಕೊಡಿ, ಗೌರವದಿಂದ ಕೂರಿಸಿ, ಬ್ಯಾನರ್ ಹಿಡಿದು ಫೋಟೊಕ್ಕೆ ನಿಲ್ಲುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಕೆಲಸಕ್ಕೆ ಎಷ್ಟು ರೊಕ್ಕ ಬಂದಿದೆ? ಅದರಲ್ಲಿ ನಮ್ಮೂರಲ್ಲಿ ಖರ್ಚಾಗುವುದು ಎಷ್ಟು? ನಮ್ಮ ಹೆಸರು ಬರೆದ ವರದಿಯನ್ನು ನಮಗೆ ಕನ್ನಡದಲ್ಲಿ ಯಾವಾಗ ತೋರಿಸುತ್ತೀರಿ? ಉತ್ತರ ಕೊಟ್ಟವರ ಜೊತೆ ಕೂತು ಕೆಲಸ ಮಾಡೋಣ, ನಾವೂ ಬರುತ್ತೇವೆ. ತಡವರಿಸಿದವರಿಗೆ ಸಂಜೆಯ ರೈಲಿನ ಹೊತ್ತು ನೆನಪಿಸಿ.